ಪೈಲ್ವಾನರ ಪಂಕ್ತಿ

ಪೈಲ್ವಾನರು ತೀರಿಕೊಂಡರೆಂದು ಅವರ ಅಕ್ಕನ ಮಗಳು ಕಾರ್ಡು ಬರೆದಿದ್ದಾಳೆ. "ಮಾಮ ಹೋದ ಸೋಮವಾರ ತೀರಿಕೊಂಡರು. ಹೆಚ್ಚು ನರಳಲಿಲ್ಲ. ಬೆಳಿಗ್ಗೆ ರೊಟ್ಟಿ ತಿಂದು, ತಟ್ಟೆ ತಾವೇ ತೊಳೆದಿಟ್ಟು ಮಲಗಿದವರು ಏಳಲಿಲ್ಲ." ಕೊನೆಯ ಸಾಲು ಓದಿದಾಗ ದುಃಖದ ನಡುವೆಯೂ ಒಂದು ಬಗೆಯ ನೆಮ್ಮದಿಯಾಯಿತು. ಊಟ ಬಿಟ್ಟು ಹಾಸಿಗೆ ಹಿಡಿದು ಹೋಗಿದ್ದರೆ ಅದು ಅವರ ಸಾವೆಂದು ನನಗೆ ಅನ್ನಿಸುತ್ತಲೇ ಇರಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಬರೆದರೂ ಗುರುತು ಹಿಡಿಯುವವರು ಕಡಿಮೆ. ದಾವಣಗೆರೆಯ ಹಳೇಪೇಟೆಯಲ್ಲಿ "ಪೈಲ್ವಾನರ ಮನೆ" ಎಂದರೆ ಟಾಂಗಾದವರು ನೇರ ಬಾಗಿಲಿಗೆ ತಂದು ಬಿಡುತ್ತಿದ್ದರು. ಆದರೆ ನಾನು ಅವರನ್ನು ಮೊದಲು ನೋಡಿದಾಗ ಅವರಲ್ಲಿ ಪೈಲ್ವಾನಿಕೆಯ ಲಕ್ಷಣವೇನೂ ಉಳಿದಿರಲಿಲ್ಲ. ಅಗಲವಾದ ಭುಜದ ಎಲುಬುಗಳ ಮೇಲೆ ಅಂಗಿ ಗೂಟಕ್ಕೆ ನೇತುಹಾಕಿದಂತೆ ಇಳಿಬಿದ್ದಿತ್ತು. ಮುದುಡಿದ ಕಿವಿಗಳು ಮಾತ್ರ ಗರಡಿ ಮನೆಯ ಸಾಕ್ಷಿ ಹೇಳುತ್ತಿದ್ದವು.

ಅದು ಐವತ್ತರ ದಶಕದ ಕೊನೆ. ನನಗೆ ಇಪ್ಪತ್ತನಾಲ್ಕು. ಹರಿಹರದ ಒಂದು ಶಾಲೆಯಲ್ಲಿ ಮೇಷ್ಟ್ರಾಗಿ ಎರಡು ವರ್ಷವಾಗಿತ್ತು, ಮದುವೆಯಾಗಿ ಎಂಟು ತಿಂಗಳು. ಒಂದು ಮಧ್ಯಾಹ್ನ ಭೂಗೋಳದ ಪಾಠ ಹೇಳುತ್ತಿದ್ದವನು ಕೆಮ್ಮಿದೆ, ಕರವಸ್ತ್ರದಲ್ಲಿ ರಕ್ತ ಕಂಡಿತು. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಗಂಟೆ ಹೊಡೆಯುವವರೆಗೂ ಪಾಠ ಮುಂದುವರಿಸಿದೆ. ಮನೆಗೆ ಬಂದು ಅದನ್ನು ಬಿಚ್ಚಿ ಅವ್ವನಿಗೆ ತೋರಿಸಿದೆ.

ದಾವಣಗೆರೆಯಲ್ಲಿ ಮಂಡಿಪೇಟೆಯ ಹಿಂದಿನ ಓಣಿಯೊಂದರಲ್ಲಿ ಡಾಕ್ಟರೊಬ್ಬರ ದವಾಖಾನೆ ಇತ್ತು. ಅವರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕ್ಷಯ. ಬಲಗಡೆ ಮೇಲ್ಭಾಗ ಹಿಡಿದಿದೆ. ಒಂದೂವರೆ ವರ್ಷ ಔಷಧಿ ತಗೋಬೇಕು. ಬಿಡದೆ ತಗೊಂಡರೆ ವಾಸಿಯಾಗುತ್ತೆ" ಎಂದರು. ನನ್ನ ಕಿವಿಗೆ ಬಿದ್ದದ್ದು "ಒಂದೂವರೆ ವರ್ಷ" ಎಂಬುದಷ್ಟೇ.

ಆ ವಾರವೇ ನನ್ನ ಮಾವ ರಾಣೆಬೆನ್ನೂರಿನಿಂದ ಬಂದು ಮಗಳನ್ನು ಕರೆದುಕೊಂಡು ಹೋದರು. "ನಾಕು ದಿನ ಇದ್ದು ಬರ್ಲಿ" ಎಂದರು. ನಾಲ್ಕು ದಿನವಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೆಂಡತಿ ತನ್ನ ಟ್ರಂಕು ಎತ್ತಿಕೊಂಡು ಅವರ ಹಿಂದೆ ಹೋದಳು. ಮನೆಯಲ್ಲಿ ಅವ್ವ, ನಾನು ಇಬ್ಬರೇ ಉಳಿದೆವು. ನನಗೆ ಬೇರೆ ತಟ್ಟೆ, ಬೇರೆ ಲೋಟ, ಪಡಸಾಲೆಯಲ್ಲಿ ಬೇರೆ ಜಾಗ ಬಂದವು. ಅವ್ವ ಊಟ ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು. ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅಳುವುದು ನನಗೆ ಕೇಳಿಸುತ್ತಿತ್ತು. ಆ ಸದ್ದು ಕೇಳುತ್ತಾ ತುತ್ತು ನುಂಗುವುದು ಹೇಗೆ?

ಶಾಲೆಗೆ ರಜೆ ಹಾಕಿದೆ. ವಾರಕ್ಕೆ ಮೂರು ದಿನ ಬೆಳಗಿನ ಪ್ಯಾಸೆಂಜರಿಗೆ ದಾವಣಗೆರೆಗೆ ಹೋಗಿ ಇಂಜಕ್ಷನ್ ಚುಚ್ಚಿಸಿಕೊಂಡು ಬರಬೇಕಿತ್ತು. ದವಾಖಾನೆಯ ಜಗಲಿಯಲ್ಲಿ ಒಂದು ಉದ್ದನೆಯ ಬೆಂಚು. ಅಲ್ಲಿ ಕೂತವರೆಲ್ಲ ಬಾಯಿಗೆ ಬಟ್ಟೆ ಹಿಡಿದುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ, ಸಾಲದವರಿಂದ ತಲೆಮರೆಸಿಕೊಂಡವರಂತೆ ಇರುತ್ತಿದ್ದರು. ಮೊದಲನೆಯ ದಿನ ನಾನೂ ಹಾಗೇ ಮೂಲೆಯಲ್ಲಿ ಕೂತೆ. ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬರು ಬಟ್ಟೆಯ ಗಂಟು ಬಿಚ್ಚಿ, ತೊಡೆಯ ಮೇಲೆ ರೊಟ್ಟಿ ಹರವಿಕೊಂಡು, ಶೇಂಗಾ ಚಟ್ನಿಪುಡಿಗೆ ಬೆಣ್ಣೆ ಕಲಸಿ, ನಿಧಾನವಾಗಿ ಉಣ್ಣುತ್ತಿದ್ದರು. ಕ್ಷಯದ ದವಾಖಾನೆಯ ಜಗಲಿಯಲ್ಲಿ ಊಟ ಮಾಡುವ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು.

ನಾನು ನೋಡುತ್ತಿದ್ದುದನ್ನು ಕಂಡು ಅವರು ಕೇಳಿದರು: "ಯಾಕ್ರಿ, ಹಂಗ್ ನೋಡ್ತೀರಿ?"

"ಇಲ್ಲೇ ಉಣ್ತಿದೀರಲ್ಲ..."

"ಹತ್ತು ಗಂಟಿ ಆತಲ್ರಿ. ಹತ್ತಕ್ಕ ನನ್ನ ಊಟ. ಡಾಕ್ಟ್ರು ಕರೆಯೋದು ಹನ್ನೊಂದಕ್ಕ. ಅವ್ರಿಗೋಸ್ಕರ ನನ್ನ ಹೊಟ್ಟಿ ಯಾಕ ಕಾಯ್ಬೇಕು?"

ಎಲ್ಲಿಯವರು, ಏನು ಮಾಡುತ್ತೀರಿ ಎಂದು ವಿಚಾರಿಸಿದರು. ಮೇಷ್ಟ್ರು ಎಂದು ತಿಳಿದ ಮೇಲೆ ಕೊನೆಯವರೆಗೂ ನನ್ನನ್ನು "ಮೇಷ್ಟ್ರೇ" ಎಂದೇ ಕರೆದರು. ಅವರದು ಕುಕ್ಕುವಾಡದ ಒಕ್ಕಲು ಮನೆತನ. ಸಣ್ಣವರಿದ್ದಾಗಲೇ ಕುಸ್ತಿಯ ಹುಚ್ಚು ಹಿಡಿದು ದಾವಣಗೆರೆಗೆ ಬಂದು, ಗರಡಿಯಲ್ಲಿ ಬೆಳೆದು, ಹೊಟ್ಟೆಪಾಡಿಗೆ ಹತ್ತಿ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದರಂತೆ. ನೂರ ತೊಂಬತ್ತು ಪೌಂಡು ಇದ್ದವರು ನೂರ ಇಪ್ಪತ್ತಕ್ಕೆ ಇಳಿದಿದ್ದರು. ನನಗಿಂತ ಹನ್ನೊಂದು ವರ್ಷ ದೊಡ್ಡವರು, ಔಷಧಿಯಲ್ಲಿ ಎರಡು ತಿಂಗಳು ಹಿರಿಯರು. ಗಂಡ ತೀರಿಕೊಂಡ ಅಕ್ಕನೊಬ್ಬರು ಮಂಡಕ್ಕಿ ಭಟ್ಟಿಯಲ್ಲಿ ದುಡಿದು ತಮ್ಮನನ್ನೂ ತನ್ನ ಮಗಳನ್ನೂ ನೋಡಿಕೊಳ್ಳುತ್ತಿದ್ದರು.

ಬುಧವಾರ ತೂಕದ ದಿನ. ಡಾಕ್ಟರ ಕೋಣೆಯ ಹೊರಗೆ ತೂಕದ ಯಂತ್ರವಿತ್ತು. ನಾನು ಚಿಕಿತ್ಸೆ ಶುರು ಮಾಡಿದಾಗ ತೊಂಬತ್ತೆಂಟು ಪೌಂಡು ಇದ್ದೆ. ಆರು ವಾರದಲ್ಲಿ ತೊಂಬತ್ತನಾಲ್ಕಕ್ಕೆ ಬಂದೆ. ಡಾಕ್ಟರು ಹುಬ್ಬು ಗಂಟಿಕ್ಕಿ, "ಔಷಧಿ ಕೆಲಸ ಮಾಡಬೇಕಾದರೆ ಮೈಯಲ್ಲಿ ಏನಾದರೂ ಇರಬೇಕಲ್ಲ? ಹೀಗೇ ಇಳಿದರೆ ಸ್ಯಾನಟೋರಿಯಂಗೆ ಕಳಿಸಬೇಕಾಗುತ್ತೆ" ಎಂದರು. ಸ್ಯಾನಟೋರಿಯಂ ಎಂದರೆ ದೂರದ ಊರಿನ ಕ್ಷಯದ ಆಸ್ಪತ್ರೆ. ಹೋದವರು ಬಂದದ್ದನ್ನು ನಾನು ನೋಡಿರಲಿಲ್ಲ. ಅವ್ವನನ್ನು ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆಂದು ಒಂದು ವಾರ ನಿದ್ದೆ ಮಾಡಲಿಲ್ಲ.

ಮುಂದಿನ ಬುಧವಾರ ನಾನೊಂದು ನೀಚ ಕೆಲಸ ಮಾಡಿದೆ. ದಾವಣಗೆರೆ ಸ್ಟೇಷನ್ನಿನ ನಲ್ಲಿಯಲ್ಲಿ ಹೊಟ್ಟೆ ಬಿರಿಯುವಂತೆ ನೀರು ಕುಡಿದೆ. ಕೋಟಿನ ಒಳಜೇಬಿನಲ್ಲಿ ಮನೆಯ ದೊಡ್ಡ ಕಬ್ಬಿಣದ ಬೀಗವನ್ನು ಇಟ್ಟುಕೊಂಡಿದ್ದೆ. ಯಂತ್ರದ ಮುಳ್ಳು ತೊಂಬತ್ತೇಳಕ್ಕೆ ಬಂತು. ಕಂಪೌಂಡರು ಸಂತೋಷದಿಂದ ಬರೆದುಕೊಂಡರು. ಬೆಂಚಿಗೆ ಬಂದು ಕೂತಾಗ ಪೈಲ್ವಾನರು ನನ್ನ ಕಡೆ ತಿರುಗಲಿಲ್ಲ. ರೊಟ್ಟಿ ಮುರಿಯುತ್ತಾ ಮೆಲ್ಲಗೆ ಹೇಳಿದರು:

"ಮಂಡೀಲಿ ಹತ್ತಿಗೆ ನೀರು ಹೊಡೆದು ತೂಕಕ್ಕ ಇಡೋರನ್ನ ಭಾಳ ಮಂದೀನ ಕಂಡೀನಿ ಮೇಷ್ಟ್ರೇ. ನೀರಿನ ತೂಕ ಮಧ್ಯಾಹ್ನಕ್ಕ ಆರಿ ಹೋಗ್ತೈತೆ. ಆಮ್ಯಾಲೆ ಹತ್ತೀನೂ ಕೆಟ್ಟಿರ್ತೈತೆ."

ನನ್ನ ಮುಖ ಸುಟ್ಟಂತಾಯಿತು. "ನಿಮಗೆ ಹೆಂಗೆ ಗೊತ್ತಾಯ್ತು?" ಎಂದೆ.

"ನಡಿಗಿ ನೋಡಿದೆ. ಎಡಗಡೆ ವಾಲಿ ನಡೆದ್ರಿ. ಆ ಕಡೆ ಜೇಬಿನಾಗ ಏನೈತೆ?"

ಬೀಗ ತೆಗೆದು ತೋರಿಸಿದೆ. ಅವರು ನಗಲಿಲ್ಲ. "ಹೋಗ್ರಿ, ಡಾಕ್ಟ್ರಿಗೆ ನೀವೇ ಹೇಳ್ರಿ. ನಾನು ಹೇಳಂಗಿಲ್ಲ" ಎಂದರು. ಆಮೇಲೆ ರೊಟ್ಟಿಯ ಗಂಟು ಕಟ್ಟಿ, "ನಾನೂ ಬರ್ತೀನಿ, ಏಳ್ರಿ" ಎಂದು ಕೈ ಒರೆಸಿಕೊಂಡು ಎದ್ದರು.

ಡಾಕ್ಟರು ಬೀಗವನ್ನು ಕೈಯಲ್ಲಿ ಹಿಡಿದು ನೋಡಿದರು. ಬೈಯುತ್ತಾರೆಂದುಕೊಂಡಿದ್ದೆ. ಅವರು ಕುರ್ಚಿ ತೋರಿಸಿ, "ಕೂತ್ಕೊಳ್ಳಿ. ಮನೆಯಲ್ಲಿ ಏನು ನಡೀತಿದೆ, ಪೂರ್ತಿ ಹೇಳಿ" ಎಂದರು. ಆಗ ಎಲ್ಲವನ್ನೂ ಹೇಳಿದೆ. ದಿನಕ್ಕೆ ಹಿಡಿಗಟ್ಟಲೆ ನುಂಗಬೇಕಾಗಿದ್ದ ಆ ದಪ್ಪ ಮಾತ್ರೆಗಳು ಹೊಟ್ಟೆ ತೊಳಸಿ ಬರುವಂತೆ ಮಾಡುತ್ತಿದ್ದವು. ಮಾತ್ರೆಯ ಹೆದರಿಕೆಗೆ ಊಟ ಬಿಡುತ್ತಿದ್ದೆ. ಊಟ ಬಿಟ್ಟ ಸಂಕಟಕ್ಕೆ ಮಾತ್ರೆ ಬಿಡುತ್ತಿದ್ದೆ. ಅರ್ಧಕ್ಕರ್ಧ ಮಾತ್ರೆಗಳು ಹಿತ್ತಿಲಿನ ಬಾಳೆಯ ಬುಡದಲ್ಲಿದ್ದವು.

"ಬಾಳೆಗಿಡಕ್ಕೆ ಕ್ಷಯ ಇರಲಿಲ್ಲವಲ್ಲ" ಎಂದರು ಡಾಕ್ಟರು. ಪೈಲ್ವಾನರು ಆಗ ನಕ್ಕರು. ಆ ನಗುವಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಡಾಕ್ಟರನ್ನು ಕೇಳಿದರು: "ಸಾಹೇಬ್ರೆ, ಇವ್ರದ್ದು ರೈಲು ಒಂದೂವರೆಗೆ. ಅಲ್ಲೀತನ ನಮ್ಮ ಮನೇಲಿ ಕುಂದ್ರಿಸ್ಕೊಂತೀನಿ. ಮಾತ್ರೀನ ಬರೇ ಹೊಟ್ಟಿಗೆ ಬ್ಯಾಡ, ನಡು ಊಟದಾಗ ನುಂಗ್ಸಲೇನು? ನಾನು ಹಂಗೇ ಮಾಡ್ತೀನಿ, ಕಕ್ಕಿಲ್ಲ." ಡಾಕ್ಟರು ಒಪ್ಪಿದರು. ಸ್ಯಾನಟೋರಿಯಂ ಮಾತನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರು.

ಹೀಗೆ ನಾನು ಹಳೇಪೇಟೆಯ ಆ ಮನೆಗೆ ಹೋದೆ. ಹೊಸ್ತಿಲಲ್ಲಿ ನಿಂತು ಅನುಮಾನಿಸಿದೆ. ನಾವು ಲಿಂಗ ಕಟ್ಟಿದವರು, ಅವರ ಮನೆಯಲ್ಲಿ ಮಾಂಸ ಬೇಯುತ್ತಿತ್ತು. ಆ ಕಾಲಕ್ಕೆ ಅದು ಸಣ್ಣ ಮಾತಾಗಿರಲಿಲ್ಲ. ಅಕ್ಕ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ಹೊಸ ಗಡಿಗೆಯೊಂದನ್ನು ತೋರಿಸಿದರು. "ನಿನ್ನೆ ಕುಂಬಾರರ ಮನೆಯಿಂದ ತಂದೀನಿ ಮೇಷ್ಟ್ರೇ. ಇದ್ರಾಗ ಏನೂ ಮುಟ್ಟಿಲ್ಲ. ಇದು ನಿಮ್ಮದೇ. ಬರ್ರಿ, ಕೂಡ್ರಿ." ನಾನು ಬರುತ್ತೇನೆಂದು ನಿನ್ನೆಯೇ ಇವರಿಗೆ ಹೇಗೆ ಗೊತ್ತಾಯಿತು ಎಂದು ಪೈಲ್ವಾನರ ಕಡೆ ನೋಡಿದೆ. ಅವರು ಸೂರಿನ ಜಂತಿ ನೋಡುತ್ತಾ ನಿಂತಿದ್ದರು. ಒಂದು ವಾರದಿಂದಲೇ ನನ್ನನ್ನು ಕರೆತರಬೇಕೆಂದಿದ್ದರಂತೆ. ನಾನು ಬರುವ ದಿನಗಳಲ್ಲಿ ಅವರೂ ಆ ಗಡಿಗೆಯ ಅಡುಗೆಯನ್ನೇ ಉಂಡರು.

ಆ ಮನೆಯಲ್ಲಿ ಊಟಕ್ಕೊಂದು ಶಿಸ್ತಿತ್ತು. ಇಬ್ಬರೂ ಎದುರುಬದುರು ಕೂಡಬೇಕು. ಕೆಮ್ಮಿನ ಮಾತು, ಜ್ವರದ ಮಾತು, ತೂಕದ ಮಾತು ಎತ್ತಬಾರದು. "ಉಣ್ಣೋವಾಗ ಹಸಿವಿನ ಮಾತು ಕೇಳಬ್ಯಾಡ್ರಿ, ಅದು ಸುಳ್ಳುಬುರುಕ. ಗಡಿಯಾರದ ಮಾತು ಕೇಳ್ರಿ" ಎನ್ನುತ್ತಿದ್ದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಕುಕ್ಕುವಾಡದಿಂದ ಅವರ ಅಣ್ಣ ಕಳಿಸುತ್ತಿದ್ದ ಬೆಣ್ಣೆ, ಶೇಂಗಾ. ಮೂರನೆಯ ತುತ್ತು ಮುಗಿದ ಮೇಲೆ ಮಾತ್ರೆಗಳು. ಅವಕ್ಕೆ ಪೈಲ್ವಾನರು "ಬೆಣಚುಕಲ್ಲು" ಎಂದು ಹೆಸರಿಟ್ಟಿದ್ದರು. ಮೊದಲ ಕೆಲವು ದಿನ ನನಗೆ ಉಬ್ಬಳಿಕೆ ಬಂದರೆ ಅವರು ಕುಸ್ತಿಯ ಕಥೆ ಶುರು ಮಾಡುತ್ತಿದ್ದರು. ಬೆಳಗಾವಿ ಕಡೆಯಿಂದ ಬಂದವನೊಬ್ಬ ಮೈಗೆ ಎಣ್ಣೆ ಸವರಿಕೊಂಡು ಬಂದು ಕೈಗೆ ಸಿಗದಂತೆ ಜಾರುತ್ತಿದ್ದನಂತೆ. ಇವರು ಬಗ್ಗಿ ಕುಸ್ತಿ ಕಣದ ಮಣ್ಣನ್ನು, ಅಂದರೆ ಮಟ್ಟಿಯನ್ನು, ಎರಡು ಬೊಗಸೆ ತೆಗೆದು ಅವನ ಬೆನ್ನಿಗೆ ಪ್ರೀತಿಯಿಂದ ಬಳಿದು, "ಬಾರಪ್ಪ, ಈಗ ಹಿಡಿಯೋಣ" ಎಂದರಂತೆ. ಕಥೆ ಮುಗಿಯುವ ಹೊತ್ತಿಗೆ ಮಾತ್ರೆ ಹೊಟ್ಟೆಯಲ್ಲಿರುತ್ತಿತ್ತು, ಉಬ್ಬಳಿಕೆ ಮರೆತಿರುತ್ತಿತ್ತು.

ಊಟವಾದ ಮೇಲೆ ಒಂದು ಗಂಟೆ ಚಾಪೆಯ ಮೇಲೆ ಅಲ್ಲಾಡದೆ ಮಲಗಬೇಕು. ಇದು ಅವರಿಗೆ ಎಲ್ಲಕ್ಕಿಂತ ಕಷ್ಟದ್ದು. ಹಗಲೆಲ್ಲ ಸಾಮು ತೆಗೆದ ಮೈ. "ಐನೂರು ಬಸ್ಕಿ ಹೊಡಿ ಅಂದ್ರ ಹೊಡೀತೀನಿ ಮೇಷ್ಟ್ರೇ, ಸುಮ್ನ ಮಲಗು ಅಂದ್ರ ಜೀವ ಹೋಗ್ತೈತೆ" ಎಂದು ಗೊಣಗುತ್ತಲೇ ಹೆಣದಂತೆ ನೆಟ್ಟಗೆ ಮಲಗುತ್ತಿದ್ದರು. ಇಂಜಕ್ಷನ್ನಿನ ಗುಣಕ್ಕೆ ನಮ್ಮಿಬ್ಬರ ತುಟಿಯ ಸುತ್ತಲೂ ಜುಮುಜುಮು ಎನ್ನುತ್ತಿತ್ತು. ಆ ತುಟಿಗಳಲ್ಲಿ ಅವರು ಸೀಟಿ ಹಾಕಲು ಹೋಗಿ ಬರೀ ಗಾಳಿ ಬಂದು, ಅಕ್ಕ ಭಟ್ಟಿಯಿಂದ ತಂದ ಮಂಡಕ್ಕಿ ಕೇರುತ್ತಾ ನಕ್ಕಿದ್ದು ನೆನಪಿದೆ.

ನಾಲ್ಕು ಬುಧವಾರ ಕಳೆದವು. ಕೋಟು ಬಿಚ್ಚಿ, ಚಪ್ಪಲಿ ಬಿಟ್ಟು ಯಂತ್ರದ ಮೇಲೆ ನಿಂತೆ. ತೊಂಬತ್ತೊಂಬತ್ತು. ಡಾಕ್ಟರು ಮೇಜಿನ ಖಾನೆಯಿಂದ ನನ್ನ ಬೀಗ ತೆಗೆದು ಹಿಂದಕ್ಕೆ ಕೊಟ್ಟರು.

ಆದರೆ ವಾರದಲ್ಲಿ ಮೂರು ಊಟ ಮಾತ್ರ ಹಳೇಪೇಟೆಯಲ್ಲಿ. ಉಳಿದದ್ದೆಲ್ಲ ಹರಿಹರದ ಪಡಸಾಲೆಯಲ್ಲಿ. ಅಲ್ಲಿ ಡಾಕ್ಟರ ಇನ್ನೊಂದು ಮಾತು ಗಂಟಾಗಿ ಕೂತಿತ್ತು. ದಿನಕ್ಕೆ ಎರಡು ಮೊಟ್ಟೆ ಕೊಡಿ ಎಂದಿದ್ದರು. ಅವ್ವ ಅದನ್ನು ಕೇಳಿ ಕಂಗೆಟ್ಟಿದ್ದಳು. ಕೊಟ್ಟರೆ ಮನೆತನದ ಆಚಾರ ಹೋಗುತ್ತದೆ, ಕೊಡದಿದ್ದರೆ ಮಗ ಹೋಗುತ್ತಾನೆ ಎಂದು ತನ್ನೊಳಗೇ ಬೇಯುತ್ತಿದ್ದಳು. ಇದನ್ನು ಪೈಲ್ವಾನರಿಗೆ ಹೇಳಿದ್ದೆ. ಒಂದು ಭಾನುವಾರ ಅವರು ಹೇಳದೆ ಕೇಳದೆ ಹರಿಹರಕ್ಕೆ ಬಂದಿಳಿದರು. ಹೆಗಲ ಮೇಲೆ ಶೇಂಗಾದ ಚೀಲ. ಹೊಳೆಯಲ್ಲಿ ಮುಖ ತೊಳೆದು, ಹರಿಹರೇಶ್ವರನಿಗೆ ಹೊರಗಿನಿಂದಲೇ ಕೈಮುಗಿದು, ನಮ್ಮ ಮನೆಯ ಕಟ್ಟೆಯ ಮೇಲೆ ಕೂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ಅವ್ವಾರೆ," ಎಂದರು, "ಮೊಟ್ಟಿ ಬ್ಯಾಡ ಬಿಡ್ರಿ. ಎತ್ತು ಮೊಟ್ಟಿ ತಿಂತೈತೇನು? ಹೊಲ ಹೂಡಂಗಿಲ್ಲೇನು? ಡಾಕ್ಟ್ರನ್ನ ಕೇಳ್ಕೊಂಡೇ ಬಂದೀನಿ. ಹಾಲು, ಮೊಸರು, ಬ್ಯಾಳಿ, ಶೇಂಗಾ ಜಾಸ್ತಿ ಕೊಟ್ರ ನಡೀತೈತೆ ಅಂದಾರೆ."

ಅವ್ವನ ಮುಖ ಅರಳಿದ್ದನ್ನು ನಾನು ಮೂರು ತಿಂಗಳ ಮೇಲೆ ನೋಡಿದೆ. ಅವಳು ಲೋಟದಲ್ಲಿ ಮಜ್ಜಿಗೆ ತಂದಿಟ್ಟು ಸರಿದು ನಿಂತಳು. ಪೈಲ್ವಾನರು ಕುಡಿಯಲಿಲ್ಲ. ಲೋಟವನ್ನು ನೋಡುತ್ತಾ ಮಾತು ಮುಂದುವರಿಸಿದರು:

"ಇನ್ನೊಂದು ಮಾತು. ತಪ್ಪು ತಿಳ್ಕೋಬ್ಯಾಡ್ರಿ. ಬಡಿಸಿ ಒಳಗ ಹೋಗಬ್ಯಾಡ್ರಿ. ಅಷ್ಟು ದೂರದಾಗ ಕುಂತ್ರೂ ಸಾಕು. ಅವ್ರು ಉಣ್ಣೋತನ ಏನಾರ ಮಾತಾಡ್ರಿ. ಓಣಿ ಸುದ್ದಿ, ಎಮ್ಮಿ ಸುದ್ದಿ, ಏನಾರ. ಒಬ್ರೇ ಕುಂತು ಉಂಡಿದ್ದು ಮೈಗೆ ಹತ್ತಂಗಿಲ್ಲ ಅವ್ವಾರೆ. ನನಗ ನಮ್ಮಕ್ಕ ಹಂಗೇ ಮಾಡ್ತಾಳೆ."

ಅವ್ವ ತಲೆಬಾಗಿಲಿಗೆ ಒರಗಿ ನಿಂತು ತುಸು ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಮಜ್ಜಿಗಿ ಕುಡೀರಿ, ಉಪ್ಪು ಹಾಕೀನಿ" ಎಂದಳು. ಅಂದು ರಾತ್ರಿಯಿಂದ ಅವಳು ಪಡಸಾಲೆಯ ಕಂಬದ ಹತ್ತಿರ ಮಣೆ ಹಾಕಿಕೊಂಡು ಕೂತಳು. ಏನು ಮಾತಾಡಬೇಕೆಂದು ಗೊತ್ತಾಗದೆ ಮೊದಲ ದಿನ ನಮ್ಮಜ್ಜನ ಮದುವೆಯಲ್ಲಿ ಅಡುಗೆಯವರು ಪಾಯಸಕ್ಕೆ ಉಪ್ಪು ಸುರಿದ ಕಥೆ ಹೇಳಿದಳು. ನಾನು ಎರಡು ರೊಟ್ಟಿ ಉಣ್ಣುವವನು ಮೂರು ಉಂಡೆ. ನಾನು ಹಳೇಪೇಟೆಯಲ್ಲಿ ಪೈಲ್ವಾನರ ಅಕ್ಕ ಬಡಿಸಿದ್ದನ್ನು ಉಣ್ಣುವ ವಿಷಯವನ್ನೂ ಆಗಲೇ ಹೇಳಿಬಿಟ್ಟೆ. ಅವಳು, "ಆಯಮ್ಮಗೆ ಹೋಳಿಗಿ ಇಷ್ಟ ಆಗ್ತೈತೇನು ಕೇಳು" ಎಂದಳು.

ಪೈಲ್ವಾನರು ಯಾವಾಗಲೂ ಹೀಗೆ ಗಟ್ಟಿಯಾಗಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ.

ಅವರ ಚಿಕಿತ್ಸೆಗೆ ಹತ್ತು ತಿಂಗಳಾಗಿತ್ತು. ನೂರ ಐವತ್ತು ದಾಟಿದ್ದರು. ಅಂಗಿಯೊಳಗೆ ಭುಜ ಮತ್ತೆ ಕಾಣತೊಡಗಿತ್ತು. ಒಂದು ದಿನ ಡಾಕ್ಟರನ್ನು ಕೇಳಿದರು, ಮಟ್ಟಿಗೆ ಯಾವಾಗ ಇಳಿಯಬಹುದು ಎಂದು. ಡಾಕ್ಟರು ಹೊಸ ಎಕ್ಸ್‌ರೇ ತೋರಿಸಿ ನಿಧಾನವಾಗಿ ಬಿಡಿಸಿ ಹೇಳಿದರು. ರೋಗ ಆರುತ್ತಿದೆ, ಪೂರ್ತಿ ಆರುತ್ತದೆ. ಆದರೆ ಅದು ತಿಂದ ಜಾಗ ಗಟ್ಟಿಯಾಗಿ ಉಳಿಯುತ್ತದೆ. ನಡೆಯಬಹುದು, ದುಡಿಯಬಹುದು. "ಕುಸ್ತಿ ಮಾತ್ರ ಇನ್ನು ಬೇಡಪ್ಪ. ಯಾವತ್ತಿಗೂ."

ಪೈಲ್ವಾನರು "ಆತ್ರಿ" ಎಂದರು. ಅಂದು ಮನೆಗೆ ಬಂದು ನನ್ನೆದುರು ಕೂತು ಉಂಡರು. ಏನೂ ಆಗಿಲ್ಲವೆಂದೇ ನಾನು ತಿಳಿದೆ.

ಮುಂದಿನ ಸಲ ಬೆಂಚಿನಲ್ಲಿ ಅವರಿರಲಿಲ್ಲ. ಅದರ ಮುಂದಿನ ಸಲವೂ ಇರಲಿಲ್ಲ. ನಾನು ಹಳೇಪೇಟೆಗೆ ಹೋದೆ. ಅಕ್ಕ ಬಾಗಿಲಲ್ಲೇ ಸಿಕ್ಕರು. "ಐದು ದಿನ ಆತು ಮೇಷ್ಟ್ರೇ. ನೀರು ಬಿಟ್ರ ಏನೂ ಮುಟ್ಟಿಲ್ಲ. ಮಾತ್ರೀನೂ ಇಲ್ಲ. ನಾನು ಅತ್ತೆ, ಬೈದೆ, ಕಾಲು ಹಿಡಿದೆ. ಗ್ವಾಡಿ ಕಡೆ ತಿರುಗಿ ಮಲಗ್ಯಾನೆ."

ಒಳಗೆ ಹೋದೆ. ನಾನು ಮೇಷ್ಟ್ರಲ್ಲವೇ? ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದೆ. ಜೀವ ದೊಡ್ಡದು, ಕುಸ್ತಿ ಸಣ್ಣದು, ಅಕ್ಕನ ಮುಖ ನೋಡಿ, ಹೀಗೆಲ್ಲ ಹೇಳತೊಡಗಿದೆ. ಅವರು ಗೋಡೆಯ ಕಡೆ ತಿರುಗಿಕೊಂಡೇ ಕೈಯೆತ್ತಿ ತಡೆದರು.

"ಪಾಠ ಬ್ಯಾಡ ಮೇಷ್ಟ್ರೇ. ನಾನು ಮೈ ಕಟ್ತಿದ್ದದ್ದು ಯಾತಕ್ಕ? ಮಟ್ಟಿಗೆ ಇಳಿಯಾಕ. ಇಳಿಯಂಗಿಲ್ಲ ಅಂದ ಮ್ಯಾಲೆ ಈ ಮೈ ಯಾರಿಗ್ ಬೇಕು?"

ಪಾಠ ಬಿಟ್ಟು ಚಾಪೆಯ ತುದಿಯಲ್ಲಿ ಕೂತೆ. ಎದ್ದು ಹೋಗಲು ಮನಸ್ಸು ಬರಲಿಲ್ಲ. ಹನ್ನೆರಡಾಯಿತು. ಒಂದೂವರೆಯ ರೈಲಿನ ಕೂಗು ಕೇಳಿಸಿ ನಿಂತಿತು. ಎರಡಾಯಿತು. ಅಕ್ಕ ಒಮ್ಮೆ ಬಂದು ನನ್ನನ್ನು ಊಟಕ್ಕೆ ಕರೆದರು. ನಾನು ಆಮೇಲೆ ಎಂದೆ. ಉಪಾಯ ಮಾಡಿ ಹೇಳಿದ್ದಲ್ಲ, ನಿಜಕ್ಕೂ ಊಟ ಬೇಡವಾಗಿತ್ತು. ಮೂರರ ಹೊತ್ತಿಗೆ ನನಗೆ ತಲೆ ಸುತ್ತಿ ಬಂದು ಗೋಡೆಗೆ ಒರಗಿದೆ. ಆ ಸದ್ದಿಗೆ ಪೈಲ್ವಾನರು ತಿರುಗಿದರು.

"ರೈಲು ಹೋತಲ್ಲ?"

"ಹೋಯ್ತು."

"ಉಂಡ್ರೇನು?"

"ಇಲ್ಲ."

"ಮಾತ್ರಿ?"

"ಇಲ್ಲ."

ಅವರು ಎದ್ದು ಕೂತರು. ಐದು ದಿನ ಉಪವಾಸವಿದ್ದ ಮನುಷ್ಯ ಅಷ್ಟು ಗಟ್ಟಿಯಾಗಿ ಕೂಗಬಲ್ಲನೆಂದು ನಾನು ತಿಳಿದಿರಲಿಲ್ಲ. "ಏನ್ ಮನುಷ್ಯನಯ್ಯ ನೀನು! ಹೊತ್ತು ಎಷ್ಟಾತು ಗೊತ್ತೈತೇನು? ಆರು ತಿಂಗ್ಳು ಕುಂದ್ರಿಸಿ ಉಣ್ಣಿಸಿದ್ದು ಒಂದು ದಿನದಾಗ ನೀರಿಗೆ ಹಾಕ್ತೀಯಾ? ಅಕ್ಕಾ! ಇವ್ರಿಗೆ ಯಾಕ ಬಡಿಸಿಲ್ಲ?" ಎಂದು ಕೂಗುತ್ತಾ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದರು. ನನ್ನ ಗಡಿಗೆಯಿಂದ ತಾವೇ ತೋಡಿ, ತಟ್ಟೆಗೆ ಬಡಿಸಿ ತಂದು ನನ್ನ ಮುಂದಿಟ್ಟರು. ಅರ್ಧ ಸಾರು ನೆಲಕ್ಕೆ ಚೆಲ್ಲಿತ್ತು. "ಉಣ್ರಿ" ಎಂದರು. ನಾನು ತುತ್ತು ಕಲಸಿ ಅವರ ಮುಖ ನೋಡಿದೆ. ಎದುರಿನ ಜಾಗ ಖಾಲಿಯಿತ್ತು.

ಅವರಿಗೂ ಅದು ಕಂಡಿತು. "ಅಕ್ಕಾ, ನನಗೂ ಒಂದು ತಟ್ಟಿ" ಎಂದರು.

ಅಕ್ಕ ತಂದು ಬಡಿಸಿ ಹಿತ್ತಿಲಿಗೆ ಹೋದರು. ಮೂರು ತುತ್ತು ಉಂಡ ಮೇಲೆ ಪೈಲ್ವಾನರು ತಮ್ಮ ಬೆಣಚುಕಲ್ಲುಗಳನ್ನೂ ನುಂಗಿದರು. ಆಗ ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ನಾನೂ ನೋಡದವನಂತೆ ಉಣ್ಣುತ್ತಲೇ ಹೋದೆ. ಸಂಜೆಯ ಗಾಡಿಗೆ ಸ್ಟೇಷನ್ನಿನವರೆಗೂ ನಡೆದು ಬಂದು, ಗಾಡಿ ಹೊರಡುವಾಗ ಕಿಟಕಿಯ ಕಂಬಿ ಹಿಡಿದು, "ಏನ್ ಮನುಷ್ಯನಯ್ಯ ಅಂದ್ಬಿಟ್ಟೆ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದರು.

ಹದಿನೆಂಟು ತಿಂಗಳು ಮುಗಿಯುವ ಹೊತ್ತಿಗೆ ನಾನು ನೂರ ಇಪ್ಪತ್ತೊಂದಕ್ಕೆ ಬಂದಿದ್ದೆ. ಕಫದ ಪರೀಕ್ಷೆ ಮೂರು ಸಲ ಶುದ್ಧ ಬಂದಿತ್ತು. ಮಾವನಿಗೆ ಉದ್ದನೆಯ ಕಾಗದ ಬರೆದೆ, ಡಾಕ್ಟರ ಚೀಟಿ ಜೊತೆಗಿಟ್ಟೆ. ಉತ್ತರ ಬರಲಿಲ್ಲ. ಹದಿನೈದು ದಿನ ಬಿಟ್ಟು ಒಂದು ಬೆಳಿಗ್ಗೆ ನನ್ನ ಹೆಂಡತಿಯೇ ಒಬ್ಬಳೇ ಗಾಡಿಯಿಳಿದು ಬಂದಳು. ಕೈಯಲ್ಲಿ ಒಂದು ಟ್ರಂಕು, ಇನ್ನೊಂದರಲ್ಲಿ ಶೇಂಗಾ ಉಂಡೆಯ ಡಬ್ಬಿ. "ಅಪ್ಪಗೆ ಹೇಳಿ ಬಂದೀನಿ. ಕೇಳಿ ಬಂದಿಲ್ಲ" ಎಂದಳು. ಅವ್ವ ಅವಳಿಗೂ ನನಗೂ ಅಕ್ಕಪಕ್ಕ ತಟ್ಟೆ ಹಾಕಿದಳು. ಆ ವಾರ ದಾವಣಗೆರೆಗೆ ಹೋದಾಗ ಉಂಡೆಯ ಡಬ್ಬಿ ತೆಗೆದುಕೊಂಡು ಹೋಗಿ ಪೈಲ್ವಾನರಿಗೆ ಸುದ್ದಿ ಹೇಳಿದೆ. ಒಂದು ಉಂಡೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, "ಬೆಲ್ಲ ಹದ ಐತೆ. ಹುಡುಗಿ ಒಳ್ಳೇಕಿ" ಎಂದು ತೀರ್ಪು ಕೊಟ್ಟರು.

ಅವರಿಗೂ ಪೂರ್ತಿ ವಾಸಿಯಾಯಿತು. ಮಂಡಿಯಲ್ಲಿ ಮೂಟೆ ಹೊರುವ ಕೆಲಸ ಬಿಟ್ಟು ಎರಡು ಎಮ್ಮೆ ಕಟ್ಟಿದರು, ಎರಡು ಐದಾದವು. ಗರಡಿಯ ಕಡೆ ಬಹಳ ದಿನ ಹೋಗಲಿಲ್ಲ. ಆಮೇಲೆ ಸಂಜೆ ಹೊತ್ತು ಹೋಗಿ ಕಟ್ಟೆಯ ಮೇಲೆ ಕೂತು, ಹಿಡಿತ ತಪ್ಪಿದವರನ್ನು ಬೈದು ಬರುತ್ತಿದ್ದರಂತೆ. ಆದರೆ ಬೆಳಗಿನ ಹಾಲು ಕೊಟ್ಟು ಮುಗಿಸಿ ಹತ್ತು ಗಂಟೆಗೆ ದವಾಖಾನೆಯ ಬೆಂಚಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಹೊಸ ರೋಗಿ ಬಂದರೆ ಡಾಕ್ಟರು ಔಷಧಿ ಬರೆದುಕೊಟ್ಟು, "ಹೊರಗೆ ಪೈಲ್ವಾನರಿದ್ದಾರೆ, ಅವರ ಹತ್ತಿರ ಸ್ವಲ್ಪ ಕೂತು ಹೋಗಿ" ಎನ್ನುತ್ತಿದ್ದರು. ಅದಕ್ಕೆ ಸಂಬಳವಿರಲಿಲ್ಲ, ಹೆಸರೂ ಇರಲಿಲ್ಲ. ಹಳೇಪೇಟೆಯ ಮನೆಯಲ್ಲಿ ಗಡಿಗೆಗಳು ಮೂರಾಗಿದ್ದವು, ನಾಲ್ಕಾಗಿದ್ದವು.

ಅವರನ್ನು ನಾನು ಕೊನೆಯ ಸಲ ಮನಸ್ಸು ತುಂಬಿ ನೋಡಿದ್ದು ಅರವತ್ತರ ದಶಕದ ಕೊನೆಯಲ್ಲಿ. ನನಗೆ ದೂರದ ಊರಿಗೆ ವರ್ಗವಾಗಿತ್ತು, ಹೇಳಿಹೋಗಲು ಬಂದಿದ್ದೆ. ಬೆಂಚಿನ ಅರ್ಧ ಭಾಗವನ್ನು ಅವರೇ ತುಂಬಿ ಕೂತಿದ್ದರು.

"ಕೇಳಿದ್ರೇನು ಮೇಷ್ಟ್ರೇ ನನ್ನ ಗತಿ? ಈಗ ಡಾಕ್ಟ್ರು ತೂಕ ಇಳಿಸು ಅಂತಾರೆ! ಬಿ.ಪಿ. ಅಂತ. ಇಷ್ಟು ವರ್ಷ ಏರ್ಸು ಏರ್ಸು ಅಂದ ಬಾಯಿಲೇ!"

"ಇಳಿಸ್ತಿದೀರೇನು?"

"ಹೇಳಿದ್ ಮ್ಯಾಲೆ ಇಳಿಸ್ಬೇಕಲ್ರಿ. ಬೆಣ್ಣಿ ಬಿಟ್ಟೀನಿ. ರೊಟ್ಟಿ ಒಂದೂವರಿಗೆ ಬಂದೀನಿ. ಆ ಅರ್ಧ ರೊಟ್ಟಿ ನೋಡಿದ್ರ ನನಗೇ ಅಳು ಬರ್ತೈತೆ" ಎಂದು ಹೊಟ್ಟೆ ಕುಲುಕಿಸಿ ನಕ್ಕರು. ಈಗ ಆ ನಗುವಿಗೆ ಕೆಮ್ಮು ಬರುತ್ತಿರಲಿಲ್ಲ.

ನಾವು ಮಾತಾಡುತ್ತಿರುವಾಗ ಡಾಕ್ಟರ ಕೋಣೆಯಿಂದ ಒಬ್ಬ ರೈತ ತನ್ನ ಮಗಳನ್ನು ಕರೆದುಕೊಂಡು ಹೊರಗೆ ಬಂದ. ಹದಿನೇಳೋ ಹದಿನೆಂಟೋ ಇರಬೇಕು ಆಕೆಗೆ. ಕೆನ್ನೆಯ ಎಲುಬು ಎದ್ದಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಎದುರಿಗೆ ಯಾರೂ ಇಲ್ಲವೆಂಬಂತೆ ನೆಲ ನೋಡುತ್ತಿದ್ದಳು. ಅಪ್ಪ ಗಾಬರಿಯಿಂದ ಮಾತ್ರೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಏನೂ ತಿನ್ನಂಗಿಲ್ರಿ ಇವಳು. ಅನ್ನ ಕಂಡ್ರ ಮುಖ ತಿರುಗಿಸ್ತಾಳೆ. ಹಾಲು ಕೊಟ್ರ ಚೆಲ್ತಾಳೆ. ಡಾಕ್ಟ್ರು ತಿನ್ನಿಸ್ರಿ ಅಂತಾರೆ, ಹೆಂಗ್ರಿ ತಿನ್ನಿಸ್ಲಿ?" ಎಂದ.

ಪೈಲ್ವಾನರು ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. ಹುಡುಗಿ ಕೂತ ಮೇಲೆ ಅವಳ ಕಡೆ ನೋಡದೆ, ಓಣಿಯಲ್ಲಿ ಹೋಗುವ ಎತ್ತಿನ ಗಾಡಿ ನೋಡುತ್ತಾ ಕೇಳಿದರು:

"ಅದು ತಿನ್ನು, ಇದು ತಿನ್ನು ಅಂತ ನಾನು ಹೇಳಂಗಿಲ್ಲ ತಾಯಿ. ನಿನಗ ಏನು ತಿನ್ನಾಕ ಆಸಿ ಐತೆ, ಅದನ್ನ ಹೇಳು."

ಅಪ್ಪ ಬಾಯಿ ಹಾಕಲು ಬಂದಾಗ ಪೈಲ್ವಾನರು ಕೈಯೆತ್ತಿ ತಡೆದರು. ಗಾಡಿ ಓಣಿಯ ತಿರುವಿನಲ್ಲಿ ಮರೆಯಾಯಿತು. ನನ್ನ ರೈಲಿಗೆ ಹೊತ್ತಾಗುತ್ತಿತ್ತು, ಆದರೆ ನಾನು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಸೆರಗಿನೊಳಗಿಂದ ಸಣ್ಣ ದನಿ ಬಂತು.

"ಹುಣಸೇಕಾಯಿ."

ಅಪ್ಪ ತಲೆ ಚಚ್ಚಿಕೊಂಡ. ಪೈಲ್ವಾನರ ಮುಖ ಮಾತ್ರ ಹಬ್ಬದ ದಿನದಂತೆ ಬೆಳಗಿತು. ತೊಡೆ ತಟ್ಟಿಕೊಂಡು ಎದ್ದು ನಿಂತರು.

"ಆತು. ಅಲ್ಲಿಂದಾನೇ ಶುರು ಮಾಡೋಣ, ನಡಿ."